ಲರೇಡೊ ಸೇತುವೆಯ ಸುಮಿತ್ರಕ್ಕ

ಯಾರನ್ನು ಕಂಡರೂ ಸುಮಿತ್ರಕ್ಕ ಕೇಳುತ್ತಿದ್ದುದು ಮೂರೇ ಪ್ರಶ್ನೆ: "ಎಲ್ಲಿಂದ ಬಂದ್ರಿ? ಎಲ್ಲಿಗೆ ಹೊಂಟೀರಿ? ಏನ್ ಕೆಲಸಕ್ಕ?" ಹ್ಯೂಸ್ಟನ್ ಹತ್ತಿರದ ಸೈಪ್ರೆಸ್‌ನಲ್ಲಿ ಒಂದು ಗೃಹಪ್ರವೇಶದ ದಿನ, ಅವಸರದಲ್ಲಿ ಬಾತ್‌ರೂಮಿನತ್ತ ಹೊರಟಿದ್ದ ಡಾಕ್ಟರೊಬ್ಬರಿಗೂ ಇದನ್ನೇ ಕೇಳಿ ಮನೆಮಂದಿಯನ್ನೆಲ್ಲ ನಗಿಸಿದ್ದರು. ಏನು ಮಾಡುವುದು, ಅವರ ಕಸುಬೇ ಅದು.

ಅಕ್ಕ ಧಾರವಾಡದವರು, ಆಸ್ಟಿನ್ನಿನಲ್ಲಿ ಸಂಚಾರ ಸಮೀಕ್ಷೆ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಎಂಜಿನಿಯರ್. ಮೆಕ್ಸಿಕೋ ಗಡಿ ದಾಟುವ ಕಾರುಗಳವರನ್ನು ಮಾತಾಡಿಸಿ, ಜನ ಎಲ್ಲಿಂದ ಎಲ್ಲಿಗೆ, ಯಾಕೆ ಹೋಗುತ್ತಾರೆಂದು ತಿಳಿದುಕೊಂಡರೆ ಮುಂದೆ ಎಲ್ಲಿ ರಸ್ತೆ ಅಗಲ ಮಾಡಬೇಕೆಂದು ಗೊತ್ತಾಗುತ್ತದೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಇನ್ನೂ ಓದುತ್ತಿದ್ದ ನಾನು ಅವರ ತಂಡ ಸೇರಿದೆ. ಇಲ್ಲಿನ ರೂಢಿಯಂತೆ "ಆಂಟಿ" ಅಂದೆ.

"ಆಂಟಿ ಮನಿಯಾಗ. ಬಿಸಲಾಗ ಕೂಡಿ ನಿಂತೋರು ಅಕ್ಕ ಅನ್ನಬೇಕು," ಅಂದರು.

ಮೆಕ್ಸಿಕೋ ಕಡೆ ಹೋಗುವ ಲರೇಡೊ ಸೇತುವೆಯ ಬಾಯಲ್ಲಿ ನಮ್ಮ ಕೆಲಸ. ಮೊದಲ ದಿನ ನನಗೆ ಒಬ್ಬರೂ ಕಾರಿನ ಗಾಜು ಇಳಿಸಲಿಲ್ಲ. ಅಕ್ಕ ಬಂದು ನನ್ನ ತಂಪು ಕನ್ನಡಕ ತೆಗೆದು ನನ್ನ ಜೇಬಿಗೇ ಹಾಕಿದರು. "ಕಣ್ಣು ಕಾಣಲಿಲ್ಲಂದ್ರ ಯಾರು ಮಾತಾಡ್ತಾರೋ ತಮ್ಮಾ? ಗಾಜು ಇಳಸೂದು ಅವರಿಗೆ ಬಿಟ್ಟದ್ದು. ನಾವು ಮುಖ ಇಳಸಬಾರದು, ಅಷ್ಟ."

ಒಂದು ಶನಿವಾರ ಸೇತುವೆಯ ಅಧಿಕಾರಿ ಬಂದು, "ನಿಮ್ಮಿಂದ ಸಾಲು ಬೆಳೆಯುತ್ತಿದೆ. ಅದು ಊರ ಬೀದಿ ಮುಟ್ಟಿದರೆ ಸಮೀಕ್ಷೆ ಬಂದ್," ಎಂದು ಎಚ್ಚರಿಸಿ ಹೋದ. ಸ್ವಲ್ಪ ಹೊತ್ತಿಗೇ ಹಳೆಯ ಕಾರೊಂದು ನಮ್ಮೆದುರು ಹೊಗೆಯಾಡುತ್ತ ನಿಂತುಬಿಟ್ಟಿತು. ಹಿಂದಿನಿಂದ ಹಾರ್ನೋ ಹಾರ್ನು. ಒಳಗೆ ಗುಲಾಬಿ ಬಣ್ಣದ ದೊಡ್ಡ ಗೌನು ತೊಟ್ಟ ಹುಡುಗಿ ಅಳುತ್ತಿದ್ದಳು. ಅವತ್ತು ಅವಳ ಹದಿನೈದನೇ ಹುಟ್ಟುಹಬ್ಬ, ಅವರಲ್ಲಿ ಅದು ಮದುವೆಯಷ್ಟೇ ದೊಡ್ಡ ಸಂಭ್ರಮ. ನದಿಯಾಚೆ ಅಜ್ಜಿಯ ಊರಿನ ಚರ್ಚಿನಲ್ಲಿ ಎಲ್ಲರೂ ಕಾಯುತ್ತಿದ್ದಾರೆ ಎಂದಳು ತಾಯಿ.

ನಾವು ಕಾರು ತಳ್ಳಿ ಬದಿಗೆ ಹಾಕಿದೆವು. ಅಕ್ಕ ಒಂದು ಕೈಲಿ ಹುಲ್ಲಿನ ಟೋಪಿ ಹಿಡಿದುಕೊಂಡು ಮುಂದಕ್ಕೆ ಓಡಿದರು. ಆಗಷ್ಟೇ ಅವರಿಗೆ ಉತ್ತರ ಕೊಟ್ಟ ಮುದಿ ದಂಪತಿಯ ಪಿಕಪ್ ಟ್ರಕ್ಕು ಟೋಲಿನ ಹತ್ತಿರ ಇನ್ನೂ ನಿಂತಿತ್ತು. ಧಾರವಾಡದ ಧಾಟಿಯ ಸ್ಪ್ಯಾನಿಶ್‌ನಲ್ಲಿ ಅಕ್ಕ ಕೇಳಿದರು: "ಆ ಚರ್ಚಿನ ಬೀದಿಗೇ ಹೋಗ್ತೀವಿ ಅಂದಿರಲ್ಲ, ಈ ಮಗುವನ್ನೂ ಕರೆದುಕೊಂಡು ಹೋಗ್ತೀರಾ?"

ಮುದುಕಿ ನಗುತ್ತ ಸರಿದು ಕೂತಳು. ತಾಯಿ ಹತ್ತಿದಳು, ಹುಡುಗಿ ಹತ್ತಿದಳು, ಗೌನು ಮಾತ್ರ ಹತ್ತಲೊಲ್ಲದು. ಅಕ್ಕ ಅದನ್ನು ಹಾಸಿಗೆಯಂತೆ ಮಡಚಿ ಒಳಗೆ ತುರುಕಿ ಬಾಗಿಲು ಹಾಕಿದರು. ಸಾಲು ಹರಿಯತೊಡಗಿತು. ದೂರದಿಂದ ನೋಡುತ್ತಿದ್ದ ಅಧಿಕಾರಿ ಮುಂದುವರಿಸಿ ಎಂಬಂತೆ ಕೈಯಾಡಿಸಿದ. ಕಾರು ಓಡಿಸುತ್ತಿದ್ದ ತಂದೆ ಹಿಂದೆ ಉಳಿದು, ಮೆಕ್ಯಾನಿಕ್ ಬರುವ ತನಕ ನಮ್ಮ ಕೊಡೆಯ ಕೆಳಗೆ ಕೂತು, ಅಕ್ಕ ಕೊಟ್ಟ ಚಪಾತಿ, ಶೇಂಗಾ ಚಟ್ನಿ ತಿಂದ.

"ಕೇಳಿದ್ದಕ್ಕ ಗೊತ್ತಾತು ನೋಡು," ಅಂದರು ಅಕ್ಕ, ಬೆವರು ಒರೆಸಿಕೊಳ್ಳುತ್ತ.

ನಿವೃತ್ತರಾದ ಮೇಲೆ ಅವರು ಡಾಲಸ್‌ನ ಉತ್ತರಕ್ಕೆ, ಪ್ರಾಸ್ಪರ್‌ನಲ್ಲಿದ್ದ ಮಗಳ ಮನೆ ಸೇರಿದರು. ನಾನು ಹೋದಾಗ, ಹೊಸದಾಗಿ ಕಟ್ಟಿದ ಆ ಬಡಾವಣೆಯಲ್ಲಿ ಮುಕ್ಕಾಲು ಮನೆಗಳು ಖಾಲಿ. ಸಂಜೆ ಜೊತೆಗೆ ನಡೆಯುತ್ತ, "ಮನಿ ಏನೋ ಆಗ್ಯಾವು, ಮಂದಿ ಬರಬೇಕು. ಮಾತಾಡಸಾಕ ಒಬ್ಬರಿಲ್ಲ," ಎಂದು ನಕ್ಕರು. ಅದೇ ಕೊನೆಯ ಭೇಟಿ. ಮುಂದಿನ ಚಳಿಗಾಲದಲ್ಲಿ, ನಿದ್ದೆಯಲ್ಲೇ ತೀರಿಕೊಂಡರು.

ವಸಂತದಲ್ಲಿ ಅವರ ಮಗಳನ್ನು ಕಾಣಲು ಹೋದೆ. ಬೀದಿ ತುಂಬ ಮಕ್ಕಳು, ಸೈಕಲ್ಲು, ಚೆಂಡು. ಮನೆಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತ ಜನ. ಅಕ್ಕ ಕಾಯುತ್ತಿದ್ದ ಮಂದಿ ಈಗ ಬಂದಿದ್ದರು. ನಾನು ಕಾರು ನಿಲ್ಲಿಸಿ, ಬಹಳ ಹೊತ್ತು ಅಲ್ಲೇ ನೋಡುತ್ತ ಕೂತೆ.