ಸೀಟು ಏರಿಸಿದ ಮೇಲೆ

ಎಡ ಮಂಡಿ ಪೂರ್ತಿ ಮಡಚದಂತಾದ ಮೇಲೆ ಬಸ್ಸಿನ ಮೆಟ್ಟಿಲು ನನಗೆ ಎತ್ತರವಾಯಿತು. ಬೈಕಿನ ಗೇರು ಹಾಕಲೂ ಆಗುತ್ತಿರಲಿಲ್ಲ. ಯಾರನ್ನೂ ಕಾಯದೆ ಕೊಪ್ಪದ ಪೇಟೆಗೆ ಹೋಗಿಬರಲು ಉಳಿದಿದ್ದು ಸೈಕಲ್ ಒಂದೇ. ಸೈಕಲ್ ಹೊಡೆಯಬಹುದು, ಆದರೆ ಮಂಡಿ ಹೆಚ್ಚು ಮಡಚದಂತೆ ಸೀಟು ಎತ್ತರವಿರಬೇಕು ಎಂದು ಡಾಕ್ಟರ್ ಹೇಳಿದ್ದರು.

ಮನೆಯಲ್ಲಿದ್ದದ್ದು ಗುಡ್ಡ ಹತ್ತಲೆಂದು ಹಿಂದೆ ಕೊಂಡಿದ್ದ ಗೇರ್ ಸೈಕಲ್. ಪೇಟೆಯ ಸೈಕಲ್ ಅಂಗಡಿಯವನು ಗಂಟುಗಂಟಿನ ದಪ್ಪ ಟಯರ್ ತೆಗೆದು ಡಾಂಬರು ರಸ್ತೆಗೆ ಒಗ್ಗುವ ನುಣುಪಾದ ಟಯರ್ ಹಾಕಿದ. ಹ್ಯಾಂಡಲನ್ನು ಎತ್ತರಿಸಿ ಹತ್ತಿರಕ್ಕೆ ತಂದ. ಸೀಟನ್ನು ಮಾತ್ರ, ಇಲ್ಲಿ ಎಲ್ಲರಿಗೂ ಮಾಡುವಂತೆ, ಕೂತಾಗ ಎರಡೂ ಪಾದ ನೆಲಕ್ಕೆ ಊರುವಷ್ಟು ತಗ್ಗಿಸಿಟ್ಟ.

ಅಂಗಡಿಯ ಮುಂದೆ ಒಂದು ಸುತ್ತು ಹೊಡೆಯುವಷ್ಟರಲ್ಲಿ ಮಂಡಿಚಿಪ್ಪಿನ ಹತ್ತಿರ ಉರಿ ಶುರುವಾಯಿತು. ಏರಿಸು ಎಂದೆ.

“ಎಂತಕ್ಕೆ ಮಾರಾಯ್ರೆ? ಜೀಪು ಬಂದ್ರೆ ಕಾಲು ಎಲ್ಲಿ ಊರ್ತೀರಿ, ಗಾಳಿ ಮೇಲಾ?”

“ಏರ್ಸು ಮಾರಾಯ, ಡಾಕ್ಟ್ರು ಹೇಳಿದ್ದು.”

“ಡಾಕ್ಟ್ರು ನಿಮ್ಮ ಬಸರೀಕಟ್ಟೆ ರೋಡಲ್ಲಿ ಸೈಕಲ್ ಹೊಡೆದಿದಾರಾ?” ಎನ್ನುತ್ತಲೇ ಸೀಟಿಗೆ ಉದ್ದದ ಪೈಪು ಹಾಕಿದ. ಕೆಳಗಿನ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗುವಷ್ಟು ಏರಿಸಿಕೊಂಡೆ. ಮನೆಯವರೆಗಿನ ಏರನ್ನು ಇಳಿಯದೆ ಹತ್ತಿದೆ. ನೋವಿರಲಿಲ್ಲ.

ಮರುದಿನ ಪೇಟೆಗೆ ಹೊರಟಾಗ ತಿರುವಿನಲ್ಲಿ ಎಸ್ಟೇಟಿನ ಜೀಪು ಎದುರಾಯಿತು. ನಮ್ಮ ಕಡೆ ಆಗ ಮಾಡುವುದು ಒಂದೇ: ಡಾಂಬರು ಬಿಟ್ಟು ಎಡಕ್ಕೆ ಸರಿದು ಎಡಗಾಲು ಊರುವುದು. ಅಲ್ಲಿ ಮಣ್ಣು ಕೊಚ್ಚಿಹೋಗಿ ಅಂಚು ರಸ್ತೆಗಿಂತ ತಗ್ಗಾಗಿತ್ತು. ಪಾದಕ್ಕೆ ನೆಲ ಸಿಗಲಿಲ್ಲ. ಸಿಕ್ಕಾಗ ನನ್ನ ಭಾರ, ಸೈಕಲ್ಲಿನ ಭಾರ ಎರಡೂ ಆ ಮಂಡಿಯ ಮೇಲೆ ಬಿತ್ತು.

ಜೀಪಿನಲ್ಲಿ ಕೆಲಸಕ್ಕೆ ಹೊರಟಿದ್ದ ಹೆಂಗಸರು ಇಳಿದು ಎತ್ತಿ ಕೂರಿಸಿದರು. ಒಬ್ಬರು ಸೀಟಿನ ಕಡೆ ನೋಡಿ, “ಇಷ್ಟೆತ್ತರ ಕೂತು ಎಂತ, ಅಡಕೆ ಕೊಯ್ಲಿಕ್ಕೆ ಹೊರಟಿದ್ರಾ?” ಎಂದರು. ಉಳಿದವರು ನಕ್ಕರು. ನಾನೂ ನಕ್ಕೆ.

ಊತ ಇಳಿದ ಮೇಲೆ ಅಂಗಳದಲ್ಲಿ ಸೀಟನ್ನು ಬೆರಳಗಲ ತಗ್ಗಿಸಿ ನೋಡಿದೆ, ಮತ್ತೆ ತಗ್ಗಿಸಿದೆ. ಪಾದ ಊರುವ ಎತ್ತರದಲ್ಲಿ ಮಂಡಿ ಉರಿಯಿತು. ಮಂಡಿ ಸುಮ್ಮನಿದ್ದ ಎತ್ತರದಲ್ಲಿ ಪಾದ ನೇತಾಡಿತು. ನಡುವಿನ ಎತ್ತರದಲ್ಲಿ ಮಂಡಿಯೂ ಉರಿಯಿತು, ಪಾದವೂ ನೇತಾಡಿತು. ಬಲಗಾಲು ಊರೋಣವೆಂದರೆ ಬಲಕ್ಕೆ ಜೀಪು ಇರುತ್ತದೆ.

ಹೆಂಡತಿ ಸ್ಪ್ಯಾನರ್ ತೆಗೆದುಕೊಂಡು ಒಳಗಿಟ್ಟಳು.

“ಪಕ್ಕದ್ಮನೆಯವ್ರು ನಾಳೆ ಪೇಟೆಗೆ ಹೋಗ್ತಾರಂತೆ. ಎಂತ ತರ್ಬೇಕು ಹೇಳಿ.”

“ಎಂತ ಬೇಡ,” ಎಂದೆ.