ಗಾಡಿಮನೆಗೆ ಕೇಳಿದ ಹೂವು

ಜರಗನಹಳ್ಳಿಗೆ ಬಂದು ಬೈರಣ್ಣನ ಮನೆ ಎಲ್ಲಿ ಎಂದರೆ ಯಾವ ಬೈರಣ್ಣ ಎಂದು ತಿರುಗಿ ಕೇಳುತ್ತಿದ್ದರು. ಗಾಡಿಮನೆ ಬೈರಣ್ಣ ಎಂದರೆ ಮಾತ್ರ ಕರೆದುಕೊಂಡು ಹೋಗಿ ಬಾಗಿಲಿಗೇ ಬಿಡುತ್ತಿದ್ದರು. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಲೇಔಟಾದ ಮೇಲೆ ಊರಿನ ಗಂಡಸರು ಬಂದ ದುಡ್ಡಿನಲ್ಲಿ ಮಹಡಿ ಕಟ್ಟಿದರು, ಬಾಡಿಗೆಗೆ ಬಿಟ್ಟರು, ಕೆಲವರು ಕುಡಿದು ಕೈತೊಳೆದುಕೊಂಡರು. ಬೈರಣ್ಣ ಹಳೆಯದೊಂದು ಮಿನಿ ಬಸ್ಸು ಕೊಂಡ. ತೊಂಬತ್ತೆರಡನೇ ಇಸವಿಯ ಮಾತು. ಸೀಟುಗಳನ್ನೆಲ್ಲ ಕೀಳಿಸಿ, ಬನಶಂಕರಿ ಕಡೆಯ ಬಡಗಿಯಿಂದ ಎರಡು ಪಕ್ಕಕ್ಕೂ ಹಲಗೆಯ ಮಂಚ ಹೊಡೆಸಿ, ಹಿಂದುಗಡೆ ಗ್ಯಾಸ್ ಒಲೆ, ನೀರಿನ ಡ್ರಮ್ಮು, ಸೂರಿಗೆ ತೊಟ್ಟಿಲು ಕಟ್ಟಲು ಕೊಕ್ಕೆ, ಎಲ್ಲ ಮಾಡಿಸಿದ. ನೆಂಟರಿಷ್ಟರನ್ನು ತುಂಬಿಕೊಂಡು ಮಾದಪ್ಪನ ಬೆಟ್ಟಕ್ಕೋ ತಿರುಪತಿಗೋ ಹೊರಟನೆಂದರೆ ದಾರಿಯಲ್ಲಿ ನೆರಳು ಸಿಕ್ಕಲ್ಲಿ ಅನ್ನ ಬೇಯಿಸಿ, ಅದರಲ್ಲೇ ಮಲಗಿ, ಅದರಲ್ಲೇ ಜಗಳವಾಡಿ, ಅದರಲ್ಲೇ ರಾಜಿಯಾಗಿ ಬರುತ್ತಿದ್ದರು. ಹೊಲದ ಜೊತೆ ಕಳೆದುಹೋದ ಯಜಮಾನಿಕೆ ಅವನಿಗೆ ಸ್ಟೇರಿಂಗಿನ ಹಿಂದೆ ಮತ್ತೆ ಸಿಕ್ಕಿತ್ತು. ಇದು ಅವನ ಹೆಂಡತಿ ಮಂಗಮ್ಮನಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಅವಳು ಕೆಟ್ಟಳು.

ಎಪ್ಪತ್ತು ಹತ್ತಿರವಾದಂತೆ ಬೈರಣ್ಣನ ಕಣ್ಣಿಗೆ ಪೊರೆ ಬಂತು. ಮೊದಲು ಅವನು ಎದುರು ಬರುವ ಲಾರಿಯ ದೀಪವನ್ನು ಬೈದ, ಆಮೇಲೆ ಕನಕಪುರ ರಸ್ತೆಯ ಧೂಳನ್ನು ಬೈದ, ಕೊನೆಗೆ ಗಾಜು ಸರಿಯಾಗಿ ಒರೆಸಿಲ್ಲವೆಂದು ಹೆಂಡತಿಯನ್ನು ಬೈದ. ಆಪರೇಷನ್ ಮಾಡಿಸು ಎಂದು ಅವಳು ಗುಟ್ಟಾಗಿ ಹೇಳಿದರೆ, “ಕತ್ತಿ ಹಾಕಿಸ್ಕೊಳೋಕೆ ನಾನೇನ್ ಕುರೀನಾ?” ಎಂದು ಗುಡುಗಿದ. ಲೈಸೆನ್ಸಿನ ಚಿಂತೆ ಇರಲಿಲ್ಲ. ಬ್ರೋಕರ್ ಒಬ್ಬನಿದ್ದ, ಅವನ ಕೈಗೆ ಕೊಟ್ಟರೆ ಕಣ್ಣಿನ ಪರೀಕ್ಷೆ ಕಣ್ಣಿಲ್ಲದೆಯೂ ಪಾಸಾಗುತ್ತಿತ್ತು.

ಆಗಿನಿಂದ ಮಂಗಮ್ಮನ ಜಾಗ ಡ್ರೈವರ್ ಪಕ್ಕದ ಎಂಜಿನ್ ಪೆಟ್ಟಿಗೆಯಾಯಿತು. ಗೋಣಿಚೀಲ ಹಾಸಿಕೊಂಡು, ಮಡಿಲಲ್ಲಿ ಎಲೆಅಡಿಕೆ ಚೀಲ ಇಟ್ಟುಕೊಂಡು, ಅವನ ಮೊಣಕಾಲಿನ ಮೇಲೆ ಒಂದು ಕೈ ಊರಿ ಕೂರುತ್ತಿದ್ದಳು. ಒತ್ತಿದರೆ ನಿಲ್ಲಿಸು, ತಟ್ಟಿದರೆ ಹೋಗು, ಚಿವುಟಿದರೆ ಪಕ್ಕಕ್ಕೆ ತಗೋ. ಇಬ್ಬರೂ ಒಂದು ದಿನವೂ ಕೂತು ಇದನ್ನು ಮಾತಾಡಿಕೊಂಡವರಲ್ಲ. ಎತ್ತು ಹಗ್ಗದ ಜಗ್ಗು ಕಲಿತ ಹಾಗೆ ಅವನು ಅವಳ ಬೆರಳು ಕಲಿತ. ಹಿಂದೆ ಕೂತ ನೆಂಟರು, “ಈ ವಯಸ್ಸಲ್ಲೂ ಹೆಂಗ್ ಅಂಟ್ಕೊಂಡವ್ರೆ ನೋಡ್ರಪ್ಪಾ” ಎಂದು ನಗುತ್ತಿದ್ದರು. ಮಂಗಮ್ಮ ನಗುತ್ತಿರಲಿಲ್ಲ. ಊರಿಗೆ ವಾಪಸು ಬಂದ ಮೇಲೆ ಹಿತ್ತಿಲಿಗೆ ಹೋಗಿ, ತಡೆದಿಟ್ಟ ಭಯಕ್ಕೆ ವಾಂತಿ ಮಾಡಿಕೊಳ್ಳುತ್ತಿದ್ದಳು.

ಬಾಯಿಬಿಟ್ಟು ಹೇಳಬಹುದಿತ್ತು. ತುಂಬಿದ ಗಾಡಿಯಲ್ಲಿ ಹೆತ್ತ ತಾಯಂದಿರು, ಹಸುಗೂಸುಗಳು ಇದ್ದರಲ್ಲ! ಆದರೆ ಗಂಡ ಮೂಲೆಗೆ ಕೂತು ಸೊಸೆ ಹಾಕಿದ್ದನ್ನು ತಿನ್ನುವ ಮುದುಕನಾಗುವುದನ್ನು ಅವಳು ನೋಡಲಾರದವಳಾಗಿದ್ದಳು. ಅದನ್ನು ಪ್ರೀತಿ ಎನ್ನಿ, ಮೂರ್ಖತನ ಎನ್ನಿ, ಹೆಸರು ಯಾವುದಾದರೇನು, ಅಪಾಯ ಒಂದೇ.

ಹೇಳುತ್ತಿದ್ದವನು ಮಗ ಮನೋಜ್. “ಅಪ್ಪಾ, ನಿಂಗ್ ವಯಸ್ಸಾಯ್ತು. ಯಾರ್ಗಾದ್ರೂ ಗುದ್ದಿದ್ರೆ ಸ್ಟೇಷನ್ ಮೆಟ್ಲು ಹತ್ತೋನು ನಾನು. ಗಾಡಿ ಮಾರ್ಬಿಡಣ” ಎನ್ನುತ್ತಿದ್ದ. ಮಾತು ದಿಟ. ಆದರೆ ಆಡುವಾಗ ಅವನ ಕಣ್ಣು ಅಪ್ಪನ ಕಣ್ಣಿನ ಕಡೆ ಇರುತ್ತಿರಲಿಲ್ಲ, ಗಾಡಿ ನಿಂತ ಜಾಗದ ಕಡೆ ಇರುತ್ತಿತ್ತು. ಆ ಜಾಗ ರಸ್ತೆಗೆ ಮುಖ ಮಾಡಿತ್ತು. ಅಲ್ಲಿ ಎರಡು ಮಳಿಗೆ ಏಳುತ್ತವೆಂದು ಅವನೂ ಅವನ ಹೆಂಡತಿ ಅರ್ಪಿತಳೂ ಹಗ್ಗ ಹಿಡಿದು ಅಳೆದೂ ಆಗಿತ್ತು. ಸತ್ಯವೂ ಸರಿಯಾಗಿ ತೊಳೆಯದ ಪಾತ್ರೆಗೆ ಬಿದ್ದರೆ ಹಾಲಿನಂತೆ ಒಡೆಯುತ್ತದೆ. ಮಗ ಹೇಳಿದ ಕಾರಣಕ್ಕೇ ಮಂಗಮ್ಮನಿಗೆ ತಾನು ಕಣ್ಣಾರೆ ಕಂಡ ನಿಜ ಬೇಡವಾಯಿತು.

ಎರಡು ಸಾವಿರದ ನಾಲ್ಕರಲ್ಲಿ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಹೊರಡುವ ಮಾತು ಬಂದಾಗ ಅಪ್ಪ ಮಗನ ಜಗಳ ಬೀದಿಗೆ ಬಿತ್ತು. ಮನೋಜ್ ಗಾಡಿಯ ಚಕ್ರಕ್ಕೆ ಅಡ್ಡ ಕಲ್ಲಿಟ್ಟು ನಿಂತ. ಬೈರಣ್ಣ ಕಿರುಚಾಡಿ ಸುಸ್ತಾಗಿ ಕೊನೆಗೆ ಒಂದು ಮಾತೆಸೆದ.

“ನೀನೂ ಬೇಡ ನಾನೂ ಬೇಡ. ಮಾರಮ್ಮನ್ನ ಹೂ ಕೇಳಣ. ಬಲಕ್ಕೆ ಕೊಟ್ಳಾ, ನಾನ್ ಸಾಯೋಗಂಟ ಗಾಡಿ ಹೊಡೀತೀನಿ. ಎಡಕ್ಕೆ ಕೊಟ್ಳಾ, ಅವತ್ತೇ ಕೀ ನಿನ್ ಕೈಗೆ.”

ಮನೋಜ್ ಒಪ್ಪಿದ. ಒಪ್ಪದೆ ಏನು ಮಾಡಿಯಾನು? ಅವನು ಬೋರ್‌ವೆಲ್ ಕೊರೆಸಿದ್ದು, ಅರ್ಪಿತಳನ್ನು ತಂದದ್ದು, ಎಲ್ಲವೂ ಹೂ ಕೇಳಿಯೇ. ಆ ಊರಿನಲ್ಲಿ ಹೂ ಕೇಳುವ ಪದ್ಧತಿ ಹೀಗೆ. ಕೇಳುವ ಮನೆಯ ಹೆಂಗಸು ಎರಡು ಕಣಗಿಲೆ ಹೂವಿನ ಬುಡ ಒದ್ದೆ ಮಾಡಿ ತಟ್ಟೆಯಲ್ಲಿಟ್ಟು ಕೊಡಬೇಕು. ಪೂಜಾರಿ ತಟ್ಟೆಯ ಬಲಗಡೆಯದನ್ನು ಮಾರಮ್ಮನ ಕಲ್ಲಿನ ಬಲಭುಜಕ್ಕೂ ಎಡಗಡೆಯದನ್ನು ಎಡಭುಜಕ್ಕೂ ಅಂಟಿಸುತ್ತಾನೆ. ಬಲಗಡೆಯದು ಮೊದಲು ಉದುರಿದರೆ ಆಗಲಿ ಎಂದರ್ಥ, ಎಡಗಡೆಯದಾದರೆ ಬೇಡ.

ಮಂಗಳವಾರ ಬೆಳಿಗ್ಗೆ ಪೂಜಾರಿ ಬೋರಣ್ಣ ಗುಡಿಯೊಳಗೆ ಮಂಗಳಾರತಿಗೆ ಅಣಿ ಮಾಡುತ್ತಿದ್ದ. ಹೊರಗೆ ಜಗಲಿಯಲ್ಲಿ ಮಂಗಮ್ಮ ತಟ್ಟೆ, ತಂಬಿಗೆ ಇಟ್ಟುಕೊಂಡು ಕೂತಿದ್ದಳು. ಹೆಚ್ಚು ನೀರು ಕುಡಿದ ಹೂವು ಕಲ್ಲನ್ನು ಬಿಡುವುದಿಲ್ಲ, ಒಣಗಿದ್ದು ಬೇಗ ಬೀಳುತ್ತದೆ. ಇದು ಊರಿನ ಹೆಂಗಸರಿಗೆಲ್ಲ ಗೊತ್ತು, ಯಾರೂ ಯಾರಿಗೂ ಹೇಳುವುದಿಲ್ಲ. ಅವಳು ಕೈಯಲ್ಲಿ ಹೂ ಹಿಡಿದಳು. ಎಡಕ್ಕೆ ಬೀಳಿಸಿದರೆ ಇವತ್ತಿಗೆ ಭಯ ಮುಗಿಯಿತು. ಇನ್ನು ಘಾಟಿಯ ತಿರುವಿನಲ್ಲಿ ಮಾದಪ್ಪನ ಜಪ ಬೇಡ, ಹಿತ್ತಿಲ ವಾಂತಿ ಬೇಡ. ಅಷ್ಟರಲ್ಲಿ ಅತ್ತ ಮನೋಜ್ ಮೇಸ್ತ್ರಿಯೊಂದಿಗೆ ಮೊಬೈಲಿನಲ್ಲಿ ಮಾತಾಡುವುದು ಕೇಳಿಸಿತು. “ಪಾಯ ನಾಳೇನೇ ತೆಗೆದ್ಬಿಡಣ ಗುರು, ಇವತ್ತು ಕ್ಲಿಯರ್ ಆಗೋಗುತ್ತೆ.”

ಮಂಗಮ್ಮ ತಂಬಿಗೆಯನ್ನು ಹತ್ತಿರಕ್ಕೆಳೆದಳು. ಎಡಗಡೆಯ ಹೂವನ್ನು ತಂಬಿಗೆಯಲ್ಲಿ ಮುಳುಗಿಸಿ ತೆಗೆದಳು. ಬಲಗಡೆಯದಕ್ಕೆ ಬೆರಳ ತುದಿ ತಾಗಿಸಿದಳು, ಅಷ್ಟೇ.

ಬಲಗಡೆಯ ಹೂವು ಬೋರಣ್ಣ ಗಂಟೆ ಮುಟ್ಟುವ ಮೊದಲೇ ಉದುರಿತು. ಬೈರಣ್ಣನಿಗೆ ಹೂವು ಕಾಣಲಿಲ್ಲ, ಜನರ ಕೂಗಿನಿಂದ ಗೊತ್ತಾಯಿತು. ಅವನು ಕೈಮುಗಿದುಕೊಂಡು ಒಂದು ಮಾತೂ ಆಡದೆ ನಿಂತ. ಕುಣಿದಾಡುತ್ತಾನೆಂದು ಮಂಗಮ್ಮ ಎಣಿಸಿದ್ದಳು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲವೆಂದುಕೊಂಡಳು.

ಹೊರಡುವ ದಿನ ಗಾಡಿಗೆ ಬಾಳೆಕಂದು ಕಟ್ಟಿದರು, ಅರಿಶಿನ ಬಳಿದರು. ಹೊರಡುವ ಮುಂಚೆ ನಾಲ್ಕು ಚಕ್ರಗಳಿಗೂ ನಿಂಬೆಹಣ್ಣು ಇಡುವುದು ಯಾವಾಗಲೂ ಅರ್ಪಿತಳ ಕೆಲಸ. ಸೋತ ಸಿಟ್ಟಿಗೆ ಅವಳು ತಲೆನೋವೆಂದು ಒಳಗೆ ಮಲಗಿದ್ದಳು. ಬೈರಣ್ಣ ಆಗಲೇ ಎಂಜಿನ್ ಚಾಲೂ ಮಾಡಿ ಕೂತಿದ್ದ. ಮಂಗಮ್ಮ ತಾನೇ ಇಳಿದಳು.

“ಇರು, ಹಣ್ಣಿಟ್ಟು ಬತ್ತೀನಿ” ಎಂದಳು. ಎಂಜಿನ್ನಿನ ಸದ್ದಿನಲ್ಲಿ ಅದು ಅವನಿಗೆ ಕೇಳಿಸಿತೋ ಇಲ್ಲವೋ.

ಮುಂದಿನ ಎರಡು ಚಕ್ರಕ್ಕೆ ಇಟ್ಟು ಹಿಂದಿನದಕ್ಕೆ ಬಗ್ಗಿದ್ದಳು. ಅದೇ ಹೊತ್ತಿಗೆ ಗಾಡಿಯ ಮುಂದೆ ಬೋರಣ್ಣ ಬೂದುಗುಂಬಳ ಒಡೆದ. ಒಳಗಿದ್ದವರೆಲ್ಲ “ಉಘೇ ಮಾದಪ್ಪಾ!” ಎಂದು ಕೂಗಿದರು. ಆ ಕೂಗಿಗೆ ಗಾಡಿ ಬಿಡುವುದು ಹಳೆಯ ರೂಢಿ. ಕನ್ನಡಿಯಲ್ಲಿ ಏನಿದೆಯೆಂದು ನೋಡಲು ಅವನಿಗೆ ಕಣ್ಣಿಲ್ಲ, ಮೊಣಕಾಲು ಒತ್ತಲು ಪಕ್ಕದಲ್ಲಿ ಕೈಯಿಲ್ಲ. ಬಿಟ್ಟ. ಹಿಂದಿನ ಚಕ್ರ ನಿಂಬೆಹಣ್ಣನ್ನೂ ಮಂಗಮ್ಮನ ಬಲಗಾಲಿನ ಪಾದವನ್ನೂ ಒಟ್ಟಿಗೆ ಅರೆಯಿತು.

ಅವಳ ಕೂಗೂ ಮಾದಪ್ಪನ ಕೂಗಿನಲ್ಲೇ ಸೇರಿಹೋಯಿತು. ಗಾಡಿ ರಸ್ತೆಯ ತನಕ ಹೋಗಿ ನಿಂತಿತು.

ಪಾದ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ನೋಡಲು ಬಂದವರೆಲ್ಲ, ಹೂ ಬಲಕ್ಕೆ ಕೊಟ್ಟಿದ್ದಕ್ಕೇ ಜೀವ ಉಳೀತು, ಅಮ್ಮ ದೊಡ್ಡೋಳು ಎಂದರು. ಮಂಗಮ್ಮ ಗೋಡೆಗೆ ಮುಖ ಮಾಡಿ ಮಲಗಿ ಕೇಳಿಸಿಕೊಂಡಳು. ಹೇಳಿಕೊಳ್ಳುವ ಹಾಗಿಲ್ಲ, ಅಳುವುದಕ್ಕೂ ನಾಚಿಕೆ.

ಅವಳು ಮನೆಗೆ ಬಂದ ಮೇಲೆ ಎರಡನೇ ಸಲ ಹೂ ಕೇಳಿದರು. ಕೇಳಿಸಿದವನು ಮನೋಜ್. ಅತ್ತೆ ಹಾಸಿಗೆಯಲ್ಲಿದ್ದುದರಿಂದ ತಟ್ಟೆ ಹಿಡಿದದ್ದು ಅರ್ಪಿತ. ಹೂವು ಎಡಕ್ಕೆ ಬಿತ್ತು. ಬೈರಣ್ಣ ಕೀಯನ್ನು ಮಗನ ಕೈಗಿಟ್ಟು ಬಂದು ಹೊಸಿಲ ಮೇಲೆ ಕೂತ.

“ಹೂವಿಗೆ ನೀರು ಸರ್ಯಾಗ್ ಹಚ್ಚಿದ್ಯೇನೇ?” ಎಂದು ಮಂಗಮ್ಮ ಸೊಸೆಯನ್ನು ಕೇಳಿದಳು.

ಅರ್ಪಿತ ತಟ್ಟೆ ಒರೆಸುತ್ತ ಹೇಳಿದಳು, “ನೀವ್ ಹೆಂಗ್ ಹಚ್ಚಿದ್ರೋ ಹಂಗೇ ಹಚ್ಚಿದೆ ಅತ್ತೆ.”

ಗಾಡಿ ಗುಜರಿಗೆ ಹೋಯಿತು. ಅದರ ಜಾಗದಲ್ಲಿ ಮಳಿಗೆಗಳೆದ್ದವು. ಒಂದರಲ್ಲಿ ಮೊಬೈಲ್ ಅಂಗಡಿ, ಇನ್ನೊಂದರಲ್ಲಿ ಬೇಕರಿ. ಬೇಕರಿಯವನು ಬಿಸಿ ಬಿಸಿ ಬನ್ನು ತಂದುಕೊಟ್ಟು, “ಅಜ್ಜಿ, ಒಳ್ಳೇ ಜಾಗ ಬಿಡಿ ನಿಮ್ದು” ಎಂದರೆ ಮಂಗಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ವರ್ಷ ಕಳೆಯಿತು. ಪ್ರತಿ ಮಂಗಳವಾರ ಗಂಡ ಹೆಂಡಿರು ಮಾರಮ್ಮನ ಗುಡಿಗೆ ಹೋಗುತ್ತಿದ್ದರು. ಅವಳ ಕಂಕುಳಲ್ಲಿ ಊರುಗೋಲು, ಅವಳ ಭುಜದ ಮೇಲೆ ಅವನ ಕೈ. ಕುರುಡನೂ ಕುಂಟಿಯೂ ಹೊರಟರು ಎಂದು ಊರಿನವರು ಆಡಿಕೊಳ್ಳುತ್ತಿದ್ದರು, ಕಿವಿಗೆ ಬೀಳುವ ಹಾಗೆಯೇ. ಒಂದು ದಿನ ಜಗಲಿಯಲ್ಲಿ ಕೂತಿದ್ದಾಗ ಬೈರಣ್ಣ ಎಷ್ಟೋ ಸಲ ಕೇಳಿದ್ದನ್ನೇ ಕೇಳಿದ.

“ಮೊದ್ಲು ಬಲಕ್ಕೆ ಕೊಟ್ಟೋಳು ಆಮೇಲೆ ಎಡಕ್ಕೆ ಯಾಕ್ ಕೊಟ್ಳೇ? ನಾನೇನ್ ತಪ್ ಮಾಡ್ದೆ?”

ಮಂಗಮ್ಮನಿಗೆ ಸಾಕಾಗಿತ್ತು. ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಹೇಳಿಯೇಬಿಟ್ಟಳು. “ಅಮ್ಮ ಏನೂ ಕೊಡ್ಲಿಲ್ಲ. ಮೊದಲ್ನೇದು ನಾನ್ ಕೊಟ್ಟಿದ್ದು. ಎರಡ್ನೇದು ನಿನ್ ಸೊಸೆ ಕೊಟ್ಟಿದ್ದು.”

ಹೊಡೆಯುತ್ತಾನೆ, ಬಯ್ಯುತ್ತಾನೆ, ಅಳುತ್ತಾನೆ, ಯಾವುದಕ್ಕೂ ಅವಳು ತಯಾರಾಗಿದ್ದಳು. ಬೈರಣ್ಣ ಅವಳ ಕಡೆ ತಿರುಗಲಿಲ್ಲ. ಬೆಳ್ಳಗಾದ ಕಣ್ಣು ಗುಡಿಯ ಬಾಗಿಲ ಕಡೆಗಿತ್ತು.

“ಹಂಗಾರೆ ಮೊದಲ್ನೇದನ್ನೇ ಎಡಕ್ಕೆ ಹಾಕ್ಬಾರ್ದಿತ್ತಾ?” ಎಂದ. “ನಂಗ್ ಕಣ್ ಕಾಣ್ಸಲ್ಲ ಅಂತ ನಿಂಗೊಬ್ಳಿಗೇ ತಾನೇ ಗೊತ್ತಿದ್ದಿದ್ದು? ಮಗನ್ ಮುಂದೆ ನಾನಾಗೇ ಹೆಂಗ್ ಹೇಳ್ಲಿ? ಅಮ್ಮ ಬೇಡ ಅಂದ್ರೆ ಮರ್ವಾದೆಯಾಗಿ ಬಿಟ್ಬಿಡಣ ಅಂತ್ಲೇ ಕಣೇ ನಾನ್ ಹೂ ಕೇಳಿದ್ದು.”

ಗುಡಿಯೊಳಗೆ ಬೋರಣ್ಣ ಯಾರದೋ ಮನೆಯ ಹೂವನ್ನು ಕಲ್ಲಿಗೆ ಅಂಟಿಸುತ್ತಿದ್ದ. ಮಂಗಮ್ಮ ಗಂಡನ ಮೊಣಕಾಲಿನ ಮೇಲಿಂದ ತನ್ನ ಕೈ ತೆಗೆದಳು.