ಧರ್ಣಪ್ಪ ಮತ್ತು ಪೆಲವೆರ್ಗದ ಬಳ್ಳಿ

ಸಿದ್ಧಕಟ್ಟೆಯ ಧರ್ಣಪ್ಪ ಹೆದರುಪುಕ್ಕಲ ಎಂದು ಊರೆಲ್ಲ ನಗುತ್ತಿತ್ತು. ಆ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ, ಸರಕಾರ ಕಲಿಸಿದ್ದು. ಮೊದಲು ಅವನು ಕಳ್ಳು ಇಳಿಸಲು ಹತ್ತಿ ತಾಳೆಮರದ ತುದಿಯಲ್ಲಿ ಕೂತು ಹಾಡುತ್ತಿದ್ದ ಮನುಷ್ಯ. ಪಾನನಿಷೇಧ ಬಂದ ಮೇಲೆ ಕುಡಿಕೆಯ ಒಳಗೆ ಸುಣ್ಣ ಬಳಿದೇ ರಸ ಇಳಿಸಬೇಕೆಂದಾಯಿತು. ಸುಣ್ಣವಿದ್ದರೆ ರಸ ಹುಳಿಯುವುದಿಲ್ಲ, ಅಮಲೇರುವುದಿಲ್ಲ, ಬೆಲ್ಲ ಕಾಯಿಸಬಹುದು. ಒಂದು ದಿನ ಅವನ ಒಂದು ಕುಡಿಕೆಯಲ್ಲಿ ಸುಣ್ಣವಿರಲಿಲ್ಲ. ಅಷ್ಟಕ್ಕೆ ಜೈಲು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹೊರಗೆ ಬಂದವನನ್ನು ಕೆಲಸಕ್ಕೆ ಕರೆದವರು ಒಬ್ಬರೇ. ಲಾಯಿಲದಾಚೆಯ ಸಣ್ಣ ಇಗರ್ಜಿಯ ಇಟಲಿಯ ಪಾದ್ರಿ, ಫಾದರ್ ಅಲ್ಬೀನೊ. ತೋಟದಲ್ಲಿ ಅವರು ತಮ್ಮ ಊರಿನಿಂದ ತರಿಸಿದ ದ್ರಾಕ್ಷಿಯ ಬಳ್ಳಿಯೊಂದನ್ನು ನೆಟ್ಟಿದ್ದರು. ಪೂಜೆಗೆಂದು ವೈನ್ ಇಟ್ಟುಕೊಳ್ಳಲು ಅವರಿಗೆ ಪರವಾನಗಿಯಿತ್ತು. ತಮ್ಮ ಊರಿನಿಂದ ತಂದಿದ್ದ ವೈನಿನ ಕೊನೆಯ ಬಾಟ್ಲಿ ತೆರೆದ ದಿನ ಧರ್ಣಪ್ಪನಿಗೂ ಒಂದು ಗುಟುಕು ಕೊಟ್ಟರು. ಪುನರ್ಪುಳಿ ಶರಬತ್ತಿನಂಥ ತಿಳಿ ಕೆಂಪು.

"ಫಾದರ್ರೇ, ಇದಕ್ಕೆ ಒಳ್ಳೆಮೆಣಸು ಹಾಕಿದ್ದಾರಾ?"

"ಹಾಕಲಿಲ್ಲ. ಹಣ್ಣಿನಲ್ಲಿಯೇ ಉಂಟು. ಇದರ ಹೆಸರು ಪೆಲವೆರ್ಗ. ನಮ್ಮ ದೇಶದಲ್ಲಿಯೇ ಹೆಚ್ಚಿನವರಿಗೆ ಗೊತ್ತಿಲ್ಲ. ಈಗ ನಮ್ಮ ಊರಿನಲ್ಲಿಯೂ ಕಿತ್ತು ಹಾಕ್ತಾರಂತೆ. ಸಾಯುವ ಮೊದಲು ಈ ಬಳ್ಳಿಯದ್ದು ಒಂದು ಗ್ಲಾಸು ಕುಡಿಯಬೇಕು, ಧರ್ಣಪ್ಪ."

ಆ ಮಾತನ್ನು ಧರ್ಣಪ್ಪ ತನ್ನದೇ ಹರಕೆ ಎಂಬಂತೆ ಹಿಡಿದುಕೊಂಡ. ಮಳೆಗಾಲದಲ್ಲಿ ಬಳ್ಳಿಗೆ ತೆಂಗಿನ ಮಡಲು ಹೊದಿಸಿ ಮಾಡು ಕಟ್ಟಿದ, ಬೇಸಿಗೆಯಲ್ಲಿ ಬಾವಿಯಿಂದ ನೀರು ಹೊತ್ತ. ಹೆಂಡತಿ ಪೂವಮ್ಮ, "ನನಗೆ ಜ್ವರ ಬಂದರೆ ಇಷ್ಟು ನೋಡಿಕೊಳ್ತೀರಾ?" ಎಂದು ಚುಚ್ಚುತ್ತಿದ್ದಳು. ಐವತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಬಳ್ಳಿ ಒಂದು ಭರಣಿಗಾಗುವಷ್ಟು ಹಣ್ಣು ಬಿಟ್ಟಿತು. ಅಷ್ಟರಲ್ಲಿ ಫಾದರರ ಕಣ್ಣಿಗೆ ಪೊರೆ ಬಂದಿತ್ತು. ಹಿಂಡಿ ತುಂಬುವ ಕೆಲಸ ಧರ್ಣಪ್ಪನ ಪಾಲಿಗೆ ಬಂತು.

ಅದೇ ವಾರ ಅಬಕಾರಿಯವರ ಜೀಪು ಬೆಳ್ತಂಗಡಿ ರಸ್ತೆಯಲ್ಲಿ ಓಡಾಡುತ್ತಿತ್ತು. ಪರವಾನಗಿ ಫಾದರರ ಹೆಸರಿನಲ್ಲಿದೆ, ಭರಣಿ ಇರುವುದು ತನ್ನ ಕೈಯಲ್ಲಿ. ಧರ್ಣಪ್ಪ ರಸ ತುಂಬುವ ಮೊದಲು ಭರಣಿಯ ಒಳಗೆಲ್ಲ ದಪ್ಪಗೆ ಸುಣ್ಣ ಬಳಿದ.

ಭರಣಿ ತೆರೆದ ದಿನ ಫಾದರರು ಬಿಳಿ ನಿಲುವಂಗಿ ತೊಟ್ಟು ಬಂದಿದ್ದರು. ಒಂದು ಗುಟುಕು ಬಾಯಲ್ಲಿ ಹಿಡಿದರು. ಹುಳಿಯಿಲ್ಲ, ಮೆಣಸಿನ ಘಾಟಿಲ್ಲ, ಗೋಡೆ ನೆಕ್ಕಿದ ಹಾಗೆ ಸಪ್ಪೆ.

"ಇದು ಅಲ್ಲ," ಎಂದರು. "ಇಲ್ಲಿಯ ಮಣ್ಣಿನಲ್ಲಿ ಇದು ಬೇರೆಯೇ ಆಗಿಹೋಗಿದೆ. ನನ್ನ ಹಾಗೆ. ಕಿತ್ತು ಹಾಕು."

ಧರ್ಣಪ್ಪ ಹಾರೆ ತಂದು ಬುಡಸಮೇತ ಅಗೆದ. ಬಳ್ಳಿಯನ್ನು ತುಂಡುತುಂಡು ಮಾಡಿ ಒಣಗಿಸಿ ಬಚ್ಚಲ ಒಲೆಗೆ ಹಾಕಿದ. ಫಾದರರು ಆ ಬಿಸಿನೀರಲ್ಲಿ ಸ್ನಾನ ಮಾಡಿ ಬಂದು ಜಗಲಿಯಲ್ಲಿ ಕೂತಾಗ ಅವನಿಗೆ ತಡೆಯಲಾಗಲಿಲ್ಲ.

"ಬಳ್ಳಿಯ ತಪ್ಪಲ್ಲ ಫಾದರ್ರೇ. ಭರಣಿಗೆ ನಾನು ಸುಣ್ಣ ಬಳಿದಿದ್ದೆ. ಜೀಪು ನೋಡಿ ಹೆದರಿದೆ."

"ಕೀಳುವ ಮೊದಲು ಯಾಕೆ ಹೇಳಲಿಲ್ಲ?"

"ಕೆಲಸ ಹೋದೀತು ಅಂತ."

ಫಾದರರು ಬಳ್ಳಿಯಿಲ್ಲದೆ ಬರಿದಾದ ಚಪ್ಪರದ ಕಡೆ ಮುಖ ಮಾಡಿದರು. ಬೈದಿದ್ದರೆ ಧರ್ಣಪ್ಪ ಬದುಕಿಕೊಳ್ಳುತ್ತಿದ್ದ.

"ಕೆಲಸ ಎಲ್ಲಿಗೆ ಹೋಗ್ತದೆ?" ಎಂದರು. "ನಾಳೆ ಬಾ. ಚಪ್ಪರ ಉಂಟಲ್ಲ, ಬಸಳೆ ನೆಡುವ."

ಬಸಳೆ ಸೊಗಸಾಗಿ ಹಬ್ಬಿತು. ಫಾದರರು ತೀರಿಹೋಗುವವರೆಗೂ ಧರ್ಣಪ್ಪನೇ ಅದಕ್ಕೆ ನೀರು ಹಾಕಿದ. ಒಂದು ಎಲೆಯನ್ನೂ ಮನೆಗೆ ತರಲಿಲ್ಲ ಎಂದು ಪೂವಮ್ಮ ಹೇಳುತ್ತಿದ್ದಳು.